ಮುಂದೆ ಎಳೆದ ಸೀಟು

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಯಶೋದಮ್ಮ ಇಪ್ಪತ್ತೆರಡು ವರ್ಷದಿಂದ ಮಾಡುತ್ತಿರುವ ಕೆಲಸ ನೋಡುವವರಿಗೆ ಆಟದಂತೆ ಕಾಣುತ್ತದೆ. ಭತ್ತದ ಹೂವಿನ ತುದಿಯನ್ನು ಕತ್ತರಿಯಿಂದ ಕತ್ತರಿಸಬೇಕು, ಬೇರೆ ತಳಿಯ ಪರಾಗ ಉದುರಿಸಬೇಕು, ತೆನೆಗೆ ಕಾಗದದ ಚೀಲ ತೊಡಿಸಿ ಚೀಟಿ ಕಟ್ಟಬೇಕು. ತಾಯಿ ಯಾವ ತಳಿ, ತಂದೆ ಯಾವ ತಳಿ, ತಾರೀಕು ಯಾವುದು ಎಂದು ಆ ಚೀಟಿಯಲ್ಲಿರುತ್ತದೆ. ಹಿಂದೊಮ್ಮೆ ಯಾರೋ ಎರಡು ಚೀಟಿ ಅದಲುಬದಲು ಮಾಡಿ ಒಂದು ವರ್ಷದ ಕೆಲಸ ನೀರುಪಾಲಾಗಿತ್ತು. ಆಮೇಲೆ ಈಕೆ ಯಾರ ಕೈಗೂ ಚೀಟಿ ಬಿಟ್ಟವಳಲ್ಲ. ಅಲ್ಲೇ ಗುಮಾಸ್ತನಾಗಿರುವ ನಾನು ಒಂದು ಸಲ ಸಹಾಯ ಮಾಡಲು ಹೋಗಿ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಇಂಥ ಹೆಂಗಸು ಪೊಲೀಸರ ಮುಂದೆ ಗಂಡ ಹೇಳಿದ ಸುಳ್ಳಿಗೆ ತಲೆಯಾಡಿಸಿದಳು. ಕೇಳಿದಾಗ ನನಗೆ ಸಿಟ್ಟು ಬಂತು. ಅವಳ ಜಾಗದಲ್ಲಿದ್ದಿದ್ದರೆ ನಾನೂ ಆಡಿಸುತ್ತಿದ್ದೆ, ಅದು ಬೇರೆ ಮಾತು.

ಗಂಡ ಸ್ವಾಮಿ ಗೆಜ್ಜಲಗೆರೆಯ ಕಾರ್ಖಾನೆಯೊಂದರ ಬಸ್ಸು ಓಡಿಸುತ್ತಾನೆ. ಆರಡಿ ಆಳು. ಯಶೋದಮ್ಮ ಅವನ ಎದೆಯ ಮಟ್ಟಕ್ಕೂ ಬರುವುದಿಲ್ಲ. ಇಬ್ಬರೂ ಸೇರಿ ತೆಗೆದುಕೊಂಡ ಕಾರನ್ನು ಸ್ವಾಮಿ ಹಟ ಮಾಡಿ ಅವಳ ಹೆಸರಿಗೇ ಮಾಡಿಸಿ, ಭಾನುವಾರಗಳಲ್ಲಿ ಪಕ್ಕದಲ್ಲಿ ಕೂತು ಕಲಿಸತೊಡಗಿದ. ಬ್ರೇಕಿಗೆ ಕಾಲು ಎಟುಕಲೆಂದು ಅವಳು ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಸ್ಟೇರಿಂಗನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂರುತ್ತೀಯ ಎಂದು ಅವನು ರೇಗಿಸುತ್ತಿದ್ದ. ಕಲಿಕೆಯ ಲೈಸೆನ್ಸಿನ ಆರು ತಿಂಗಳು ಕಳೆಯಿತು. ಹಿಂದಕ್ಕೆ ತೆಗೆಯುವುದು ಸರಿಯಾಗಿ ಬರಲಿ ಎಂದು ಅವಳು ಪರೀಕ್ಷೆಯನ್ನು ಮುಂದೂಡುತ್ತಲೇ ಇದ್ದಳು.

ಲೈಸೆನ್ಸು ಮುಗಿದು ಹನ್ನೊಂದನೆಯ ದಿನ, ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಅವಳು ಓಡಿಸುತ್ತಿದ್ದಾಗ, ಕಬ್ಬಿನ ಗದ್ದೆಗಳ ನಡುವಿನ ಓಣಿಯಿಂದ ಬೈಕೊಂದು ನೇರ ರಸ್ತೆಗೆ ಬಂತು. ಮುಂದಿನದರಲ್ಲಿ ಅವಳಿಗೆ ನೆನಪಿರುವುದು ಸದ್ದು ಮಾತ್ರ. ಕಣ್ಣು ಬಿಟ್ಟಾಗ ಮುಖದ ಮುಂದೆ ಏರ್‌ಬ್ಯಾಗಿನ ಬಿಳಿಯ ಚೀಲ ಉಬ್ಬಿತ್ತು, ಬೈಕಿನಲ್ಲಿದ್ದ ಶಿವಣ್ಣ ಎಂಬವನು ಚರಂಡಿಯ ಪಕ್ಕ ಬಿದ್ದು ನರಳುತ್ತಿದ್ದ. ಸ್ವಾಮಿ ಓಡಿಹೋಗಿ ಅವನನ್ನು ಎತ್ತಿ ಆಂಬುಲೆನ್ಸಿಗೆ ಫೋನು ಮಾಡಿದ. ವಾಪಸು ಬಂದು ಹೆಂಡತಿಯ ಕಿವಿಯಲ್ಲಿ ಹೇಳಿದ:

"ಯಾರಾದ್ರೂ ಕೇಳುದ್ರೆ ನಾನೇ ಓಡುಸ್ತಿದ್ದೆ ಅನ್ನು. ಬ್ಯಾರೆ ಏನೂ ಮಾತಾಡ್ಬ್ಯಾಡ."

ನಮ್ಮ ಕಡೆ ಇದನ್ನು ಸುಳ್ಳೆಂದು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಗುದ್ದಿದ ಮೇಲೆ ಮನೆಯಲ್ಲಿ ಯಾರಿಗೆ ಲೈಸೆನ್ಸು ಇದೆಯೋ ಅವರೇ ಡ್ರೈವರು. ಪೊಲೀಸರು ಬಂದಾಗ ಸ್ವಾಮಿ ಹಾಗೆಯೇ ಹೇಳಿದ, ಅವಳು ತಲೆಯಾಡಿಸಿದಳು, ಹೆಡ್ ಕಾನ್‌ಸ್ಟೇಬಲ್ ಬರೆದುಕೊಂಡರು.

ಭಯ ಶುರುವಾದದ್ದು ಮಾರನೆಯ ದಿನ. ಶಿವಣ್ಣನ ತೊಡೆಯ ಮೂಳೆ ಮುರಿದಿತ್ತು. ಕಾರು ಎಂಬತ್ತರಲ್ಲಿ ಬಂತು ಎಂದು ಅವನ ತಾಯಿ ಬೆಟ್ಟಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ನಲವತ್ತು ದಾಟಿರಲಿಲ್ಲ ಎಂದು ಯಶೋದಮ್ಮನಿಗೆ ಗೊತ್ತು. ಆದರೆ ಕಾಲು ಏನು ಮಾಡಿತು? ಬ್ರೇಕು ಒತ್ತಿತೋ, ಗಾಬರಿಯಲ್ಲಿ ಪಕ್ಕದ್ದನ್ನು ಒತ್ತಿತೋ? ಅದು ಮಾತ್ರ ಗೊತ್ತಿರಲಿಲ್ಲ. ಊಟಕ್ಕೆ ಕೂತಲ್ಲಿ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಗದ್ದೆಯಲ್ಲಿ ಕತ್ತರಿ ತಪ್ಪಿ ಮೂರು ತೆನೆ ಹಾಳಾದವು. ಬೈಕಿನ ಸದ್ದು ಕೇಳಿದರೆ ರಸ್ತೆಯ ಅಂಚಿಗೆ ಸರಿದು ನಿಲ್ಲುತ್ತಿದ್ದಳು.

ಇನ್ನೊಂದು ದಿನ ಹೆಡ್ ಕಾನ್‌ಸ್ಟೇಬಲ್ ಮತ್ತೊಂದು ಸುದ್ದಿ ತಂದರು. ಕಾರಿನ ಗೇರಿನ ಕೆಳಗೆ ಸಣ್ಣ ಪೆಟ್ಟಿಗೆಯೊಂದಿದೆ, ಗುದ್ದುವ ಮೊದಲಿನ ಐದು ಸೆಕೆಂಡಿನ ವಿವರ ಅದರಲ್ಲಿ ಉಳಿದಿರುತ್ತದೆ. ಇವಳು ಸರ್ವಿಸ್ ಸೆಂಟರಿಗೇ ಹೋಗಿ ವಿಚಾರಿಸಿದಳು. ವೇಗ, ಬ್ರೇಕು, ಬೆಲ್ಟು ಇಂಥವು ಬರುತ್ತವೆ, ಕಾರಿನ ಮಾಲೀಕರು ಸಹಿ ಹಾಕದೆ ನಾವು ತೆಗೆಯುವುದಿಲ್ಲ, ಪೊಲೀಸರಿಗೆ ಬೇಕೇ ಬೇಕಾದರೆ ಕೋರ್ಟಿನಿಂದ ಕಾಗದ ತರಲಿ ಎಂದು ಅಲ್ಲಿನ ಮೆಕ್ಯಾನಿಕ್ ಹೇಳಿದ. ಒಳಗೆ ಆಡಿದ ಮಾತೂ ಇರುತ್ತದೆಯೇ ಎಂದು ಅವಳು ಕೇಳಿದಳಂತೆ. ಮಾತು ಇರುವುದಿಲ್ಲ ಎಂದಾಗ, ಕಾರಿನಲ್ಲಿ ಕೂತು ಅತ್ತೆಯನ್ನು ಆಡಿಕೊಂಡಿದ್ದ ವಿಷಯದಲ್ಲಿ ಸ್ವಲ್ಪ ಸಮಾಧಾನವಾಯಿತು. ಉಳಿದದ್ದಕ್ಕೆ ಆಗಲಿಲ್ಲ. ಆರು ತಿಂಗಳು ಊಟದ ಡಬ್ಬಿಯನ್ನು ಅದರ ಪಕ್ಕದಲ್ಲೇ ಇಟ್ಟಿದ್ದಳು. ತನ್ನ ಕಾಲಿನ ವಿಷಯ ತನಗಿಂತ ಅದಕ್ಕೇ ಚೆನ್ನಾಗಿ ಗೊತ್ತು ಎನ್ನುವುದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಸ್ವಾಮಿಗೆ ಹೆದರಿಕೆ ಬೇರೆಯದು.

"ಸಯ್ನು ಆಕ್ಬ್ಯಾಡ ಕಣಮ್ಮಿ. ಸುಳ್ಳು ಯೋಳಿವ್ನಿ ಅಂತ ಗೊತ್ತಾದ್ರೆ ನನ್ ಮ್ಯಾಲೇ ಕೇಸಾಯ್ತದೆ. ಬಸ್ಸು ಓಯ್ತದೆ."

ಸಹಿ ಹಾಕದಿದ್ದರೆ ಎಂಬತ್ತರ ಆಪಾದನೆ ಅವನ ತಲೆಯ ಮೇಲೇ ಉಳಿಯುತ್ತದೆ, ಆಗಲೂ ಬಸ್ಸು ಹೋಗುತ್ತದೆ. ಪೆಟ್ಟಿಗೆಗೆ ವೇಗ ಗೊತ್ತಿರಬಹುದು, ಕೂತವರ ಮುಖ ಗೊತ್ತಿಲ್ಲವಲ್ಲ ಎಂದು ಅವಳು ಲೆಕ್ಕ ಹಾಕಿದಳು. ಗುದ್ದಿದ ಒಂಬತ್ತನೆಯ ದಿನ ಸಹಿ ಹಾಕಿದಳು.

ಪೆಟ್ಟಿಗೆಯನ್ನು ಓದಿಸುವ ದಿನ ಗೆಜ್ಜಲಗೆರೆಯ ಸರ್ವಿಸ್ ಸೆಂಟರಿನ ಹಿಂದಿನ ಅಂಗಳದಲ್ಲಿ ಮೂತಿ ನಜ್ಜಿದ ಕಾರು ನಿಂತಿತ್ತು. ಹೆಡ್ ಕಾನ್‌ಸ್ಟೇಬಲ್ ಬಂದಿದ್ದರು, ಬೆಟ್ಟಮ್ಮನೂ ಬಂದು ಗೋಡೆಯ ನೆರಳಲ್ಲಿ ಕೂತಿದ್ದರು. ಎಲ್ಲರೂ ಒಳಗಿನಿಂದ ಬರುವ ಮೆಕ್ಯಾನಿಕ್‌ಗೆ ಕಾಯುತ್ತಿದ್ದಾಗ, ಕಾರಿನಲ್ಲಿ ಕಾಗದವೇನೋ ಬಿದ್ದಿದೆ ಎಂದು ಸ್ವಾಮಿ ಬಾಗಿಲು ತೆಗೆದು ಬಗ್ಗಿದ. ಸೀಟು ಹಿಂದಕ್ಕೆ ಜಾರಿದ ಸದ್ದು ಯಶೋದಮ್ಮನಿಗೆ ಕೇಳಿಸಿತು. ಇವನು ಎಷ್ಟು ಯೋಚನೆ ಮಾಡಿದ್ದಾನೆ ಎನಿಸಿತು ಅವಳಿಗೆ.

ಮೆಕ್ಯಾನಿಕ್ ವೈರು ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಬಂದದ್ದನ್ನು ದಿನಸಿ ಪಟ್ಟಿಯಂತೆ ಓದಿದ. ಐದು ಸೆಕೆಂಡು ಮೊದಲು ವೇಗ ಮೂವತ್ತಾರು. ಒಂದೂವರೆ ಸೆಕೆಂಡು ಇರುವಾಗ ಬ್ರೇಕು ಒತ್ತಿದೆ. ಗುದ್ದಿದಾಗ ಹದಿನೆಂಟು. ಬೆಲ್ಟು ಹಾಕಿದೆ.

ಬ್ರೇಕು ಒತ್ತಿದೆ. ಯಶೋದಮ್ಮನಿಗೆ ಅಳು ಬಂತು. ಬೆಟ್ಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದರು.

"ಡ್ರೈವರ್ ಸೀಟು, ಪೂರ್ತಿ ಮುಂದೆ," ಎಂದು ಮೆಕ್ಯಾನಿಕ್ ಕೊನೆಯ ಸಾಲನ್ನೂ ಓದಿದ.

ಹೆಡ್ ಕಾನ್‌ಸ್ಟೇಬಲ್ ಕಾರಿನೊಳಗೆ ನೋಡಿದರು. ಸೀಟು ಪೂರ್ತಿ ಹಿಂದಿತ್ತು. ಆಮೇಲೆ ಸ್ವಾಮಿಯ ಉದ್ದನೆಯ ಕಾಲುಗಳನ್ನು ನೋಡಿದರು. ಗುದ್ದಿದ ಕಾರಿನ ಸೀಟನ್ನು ಯಾರು ಸರಿಸಿದರು ಎಂದು ಮೆಲ್ಲಗೆ ಕೇಳಿದರು. ಸ್ವಾಮಿ ಮತ್ತೊಂದು ಸುಳ್ಳಿಗೆ ಬಾಯಿ ತೆರೆದ.

"ಬುಡಿ," ಎಂದಳು ಯಶೋದಮ್ಮ. "ಓಡುಸ್ತಿದ್ದೋಳು ನಾನು ಸಾರ್. ಬ್ರೇಕ್ ಒತ್ತುದೋಳೂ ನಾನೇ."

ಹೆಡ್ ಕಾನ್‌ಸ್ಟೇಬಲ್ ಹೊಸ ಹಾಳೆ ತೆಗೆದು ಇಬ್ಬರೂ ಠಾಣೆಗೆ ಬರಬೇಕು ಎಂದರು. ಇಬ್ಬರೂ ಬಸ್ಸಿನಲ್ಲಿ ಹೊರಟರು. ದಾರಿಯುದ್ದಕ್ಕೂ ಸ್ವಾಮಿ ತಲೆ ಎತ್ತಲಿಲ್ಲ. ಇಳಿಯುವ ಮುಂಚೆ ಒಂದೇ ಮಾತು ಆಡಿದನಂತೆ:

"ಸೀಟು ಇದ್ದಂಗೇ ಬುಟ್ಟಿದ್ರೆ ಆಯ್ತಿತ್ತು ಕಣಮ್ಮಿ."

ಅವಳು ಅವನ ಕೈ ಹಿಡಿದುಕೊಂಡು ಠಾಣೆಯ ಮೆಟ್ಟಿಲು ಹತ್ತಿದಳು. ಕೈ ಇಬ್ಬರದೂ ತಣ್ಣಗಿತ್ತು.