ಹಮ್ರಾಕುಲನ ಕೈಗುಣ

ಕೋಕಂದ್ ಪಟ್ಟಣದ ಬಡಗಿಗಳ ಬೀದಿಯಲ್ಲಿ ಹಮ್ರಾಕುಲನ ಬಗ್ಗೆ ಎಲ್ಲರದೂ ಒಂದೇ ಮಾತು: ಹುಡುಗ ಅಪ್ಪಟ ಚಿನ್ನ, ಕೈಗುಣ ಮಾತ್ರ ಸರಿಯಿಲ್ಲ. ಹುಡುಗ ಅಂದರೆ ನಲವತ್ತು ದಾಟಿದ, ಮಗಳಿಗೆ ಗಂಡು ನೋಡುತ್ತಿರುವ ಹುಡುಗ. ಕೆಲಸ ಕಲಿಸಿದ ಗುರು, ಅಂದರೆ ಉಸ್ತಾ, ನಾಲ್ಕು ಜನರೆದುರು ಕೈಯೆತ್ತಿ ಫಾತಿಹಾ ಪ್ರಾರ್ಥನೆ ಹೇಳಿ, ‘ಇನ್ನು ನೀನೇ ಕೆಲಸ ಹಿಡಿಯಪ್ಪ’ ಎಂದು ಹರಸುವವರೆಗೆ ನಮ್ಮಲ್ಲಿ ತಲೆ ನರೆತರೂ ಶಿಷ್ಯ ಶಿಷ್ಯನೇ.

ಬಾಗಿಲು ಕೆತ್ತುವ ಯಂತ್ರಗಳಿಗೆ ವೈರಿಂಗ್ ಮಾಡುವುದು ಅವನ ಕೆಲಸ. ಅಜ್ಜಂದಿರು ಉಳಿ ಹಿಡಿದು ಆಕ್ರೋಟು ಮರದಲ್ಲಿ ಬಿಡಿಸುತ್ತಿದ್ದ ಹೂಬಳ್ಳಿಯನ್ನು ಈಗ ಯಂತ್ರ ಬಿಡಿಸುತ್ತದೆ. ಕಂಪ್ಯೂಟರ್ ಹೇಳಿದ್ದನ್ನು ಮೋಟಾರಿಗೆ ಮುಟ್ಟಿಸುವ ಪೆಟ್ಟಿಗೆಗೆ ಸರ್ವೋ ಆಂಪ್ಲಿಫೈಯರ್ ಅನ್ನುತ್ತಾರೆ. ಅದರೊಳಗೆ ಹೋಗುವುದು ಎರಡು ಜೋಡಿ ತಂತಿ. ಪಲ್ಸ್ ಜೋಡಿ ‘ಒಂದು ಹೆಜ್ಜೆ ಇಡು’ ಅನ್ನುತ್ತದೆ, ಡೈರೆಕ್ಷನ್ ಜೋಡಿ ‘ಈ ಕಡೆಗೆ’ ಅನ್ನುತ್ತದೆ. ಪಲ್ಸಿನ ಬಿಳಿ ತಂತಿ ಮೇಲಿನ ಸ್ಕ್ರೂಗೆ, ಹಸಿರು ತಂತಿ ಕೆಳಗಿನ ಸ್ಕ್ರೂಗೆ. ತುರ್ಗುನ್ ಉಸ್ತಾ ಅವನ ಮಣಿಕಟ್ಟು ಹಿಡಿದು ಕಲಿಸಿದ್ದು ಹಾಗೆ. ಸಂಕೇತ ಕೆಡದಿರಲೆಂದು ಹಮ್ರಾಕುಲ್ ಈ ತಂತಿಗಳನ್ನು ಮೋಟಾರಿನ ದಪ್ಪ ಕೇಬಲ್ಲಿನ ನೆರಳಿಗೂ ಬಿಡುತ್ತಿರಲಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆದರೆ ಒಳಗೆ ಮದುವಣಗಿತ್ತಿಯ ಜಡೆ ಹೆಣೆದಿಟ್ಟಂತೆ ಕಾಣುತ್ತಿತ್ತು.

ಆದರೂ ಯಂತ್ರ ಗೆರೆ ಬಿಟ್ಟು ಜಾರುತ್ತಿತ್ತು. ಬೆಳಿಗ್ಗೆ ಚೆಂದವಾಗಿ ಶುರುವಾದ ಬಳ್ಳಿ ಮಧ್ಯಾಹ್ನದ ಹೊತ್ತಿಗೆ ಚೌಕಟ್ಟಿನ ಮೇಲೆ ಹತ್ತಿ ಕೂತಿರುತ್ತಿತ್ತು. ಆಮೇಲೆ ಉಸ್ತಾನನ್ನು ಕರೆಸಬೇಕು. ಉಸ್ತಾ ಬಂದವನೇ ಎಲ್ಲರನ್ನೂ ಚಹಾ ಕುಡಿಯಲು ಹೊರಗಟ್ಟುತ್ತಿದ್ದ. ಗುರು ಕೈ ಹಾಕಿದಾಗ ಇಣುಕುವುದು ನಮ್ಮಲ್ಲಿ ಮರ್ಯಾದೆಗೆಟ್ಟವರ ಕೆಲಸ. ಕುಡಿದು ಬರುವಷ್ಟರಲ್ಲಿ ಯಂತ್ರ ಸರಿಯಾಗಿರುತ್ತಿತ್ತು.

“ನಿನ್ ಕೈ ಭಾರ ಕಣೋ,” ಅನ್ನುತ್ತಿದ್ದ ಉಸ್ತಾ, ಎಲ್ಲರಿಗೂ ಕೇಳಿಸುವಂತೆ. “ಇನ್ನೊಂದು ವರ್ಷ ನನ್ ಜೊತೆ ಇರು. ಫಾತಿಹಾ ಎಲ್ಲಿಗೂ ಓಡಿಹೋಗಲ್ಲ.”

ಹಮ್ರಾಕುಲ್ ಎದೆಗೆ ಕೈಯಿಟ್ಟು ತಲೆ ಬಾಗಿಸುತ್ತಿದ್ದ. ಹೆಂಡತಿ ಸನೋಬರಳಿಗೆ ಮಾತ್ರ ಮೈ ಉರಿಯುತ್ತಿತ್ತು.

“ಕೈ ಭಾರವಂತೆ! ಮೂರು ಮಕ್ಕಳ ತೊಟ್ಟಿಲು ತೂಗಿದ ಕೈ ಅದು. ನಿಮ್ ಉಸ್ತಾನ ನಾಲಿಗೆನೇ ಭಾರ ಇರ್ಬೇಕು.”

“ಬಾಯ್ಮುಚ್ಚು. ಅವರು ನನಗೆ ತಂದೆ ಸಮಾನ.”

ಈ ವಸಂತದಲ್ಲಿ ಉಸ್ತಾ ಹೊಟ್ಟೆಯ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ. ಅದೇ ಹೊತ್ತಿಗೆ ಒರಿಫ್ ಅಕಾ, ಅಂದರೆ ಒರಿಫಣ್ಣನ, ಬಾಗಿಲು ಕಾರ್ಖಾನೆಯಲ್ಲಿ ಹಮ್ರಾಕುಲ್ ವೈರಿಂಗ್ ಮಾಡಿದ ಹೊಸ ಯಂತ್ರ ಜಾರತೊಡಗಿತು. ಯಾವುದೋ ಮದುವೆ ಮಂಟಪದ ಹೆಬ್ಬಾಗಿಲು ಅರ್ಧಕ್ಕೆ ನಿಂತಿತ್ತು.

“ನೋಡು ಹಮ್ರಾ,” ಅಂದ ಒರಿಫ್, “ಉಸ್ತಾ ಎದ್ದು ಬರೋ ತನಕ ಕಾಯೋಕಾಗಲ್ಲ. ಇದೊಂದನ್ನ ನೀನೇ ಸರಿಮಾಡು, ನಾನೇ ಹೋಗಿ ನಿನಗೆ ಫಾತಿಹಾ ಕೊಡಿಸ್ತೀನಿ. ಆಗ್ಲಿಲ್ವಾ, ಬೇಜಾರು ಮಾಡ್ಕೋಬೇಡ, ಇನ್ಮೇಲೆ ಈ ಬೀದೀಲಿ ನಿನ್ನ ಯಾರೂ ಕರೆಯಲ್ಲ.”

ಪಕ್ಕದಲ್ಲೇ ಹಳೆಯ ಯಂತ್ರವಿತ್ತು. ಹಿಂದೆ ಉಸ್ತಾ ಬಂದು ಸರಿಮಾಡಿದ್ದು, ಅಂದಿನಿಂದ ಕೂದಲೆಳೆಯಷ್ಟೂ ಜಾರದೆ ನಡೆಯುತ್ತಿದ್ದದ್ದು. ಹೋಲಿಸಿ ನೋಡೋಣವೆಂದು ಹಮ್ರಾಕುಲ್ ಅದರ ಪೆಟ್ಟಿಗೆ ತೆರೆದ. ಪಲ್ಸಿನ ಹಸಿರು ತಂತಿ ಮೇಲಿತ್ತು, ಬಿಳಿ ಕೆಳಗಿತ್ತು. ಪಾಪ, ಅವನಿಗೆ ಅನುಮಾನ ಬರಲೇ ಇಲ್ಲ. ಉಸ್ತಾನಿಗೆ ವಯಸ್ಸಾಯಿತು, ಕಣ್ಣು ಮಂಜು, ಅದಲುಬದಲು ಮಾಡಿಬಿಟ್ಟಿದ್ದಾರೆ. ಯಾರಾದರೂ ನೋಡಿ ನಗುವ ಮೊದಲು ಸರಿಮಾಡಿಬಿಡೋಣ ಅಂದುಕೊಂಡ. ಇಂಥ ತಪ್ಪನ್ನು ನಮ್ಮ ಕಡೆಯ ಶಿಷ್ಯರು ಮಾತ್ರ ಮಾಡಿಯಾರು. ಬಿಳಿಯನ್ನು ಮೇಲಕ್ಕೆ, ಹಸಿರನ್ನು ಕೆಳಕ್ಕೆ ಬಿಗಿದು, ಗುರುವಿನ ಮಾನ ಉಳಿಸಿದ ಸಮಾಧಾನದಿಂದ ಬಾಗಿಲು ಮುಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಹಳೆಯ ಯಂತ್ರವೂ ಜಾರಿತು.

“ಏನೋ ಮಾಡ್ದೆ?” ಒರಿಫ್ ಕೂಗಾಡಿದ. “ನೆಟ್ಟಗಿದ್ದಿದ್ದನ್ನೂ ಕೆಡಿಸಿದ್ಯಲ್ಲೋ!”

ಹಮ್ರಾಕುಲ್ ಮರದ ಹೊಟ್ಟಿನ ಮೇಲೆ ಕೂತುಬಿಟ್ಟ. ಬಹಳ ಹೊತ್ತಿನ ಮೇಲೆ ಎದ್ದು ತಂತಿಗಳನ್ನು ಮೊದಲಿನಂತೆ ಬದಲಿಸಿದ. ಹೊಸ ಯಂತ್ರದಲ್ಲೂ ಹಾಗೆಯೇ ಬದಲಿಸಿದ. ಎರಡೂ ಗೆರೆ ತಪ್ಪದೆ ನಡೆದವು. ಪಲ್ಸಿನ ಜೋಡಿ ತಿರುವುಮುರುವಾದರೆ, ಯಂತ್ರದ ಉಳಿ ಹಿಂದಕ್ಕೆ ತಿರುಗುವಾಗಲೆಲ್ಲ ‘ಈ ಕಡೆಗೆ’ ಅನ್ನುವ ಮಾತು ಪೂರ್ತಿ ಮುಟ್ಟುವ ಮೊದಲೇ ‘ಹೆಜ್ಜೆ ಇಡು’ ಬಂದುಬಿಡುತ್ತದೆ, ಒಂದು ಹೆಜ್ಜೆ ತಪ್ಪು ಕಡೆಗೆ ಬೀಳುತ್ತದೆ. ಹೂಬಳ್ಳಿ ಅಂದಮೇಲೆ ತಿರುವುಗಳಿಗೇನು ಬರ. ಒರಿಫ್ ಬೆನ್ನು ತಟ್ಟಿ ಶಹಬ್ಬಾಸ್ ಅಂದ. ಹಮ್ರಾಕುಲನ ಬಾಯಿ ಮಾತ್ರ ಕಹಿಯಾಗಿತ್ತು. ಉಸ್ತಾನಿಗೆ ಸರಿ ಗೊತ್ತಿತ್ತು. ಗೊತ್ತಿದ್ದೂ ಕೈಹಿಡಿದು ತಪ್ಪು ಕಲಿಸಿದ್ದ. ಪ್ರತಿ ಸಲ ಎಲ್ಲರನ್ನೂ ಹೊರಗಟ್ಟಿ ಎರಡು ಸ್ಕ್ರೂ ತಿರುಗಿಸಿ, ಆಮೇಲೆ ಬೀದಿಯವರೆದುರು ‘ನಿನ್ ಕೈ ಭಾರ’ ಅಂದಿದ್ದ.

ಮರುದಿನ ಸನೋಬರ್ ಕೊಟ್ಟ ಶೂರ್ವಾ ಸಾರಿನ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋದ. ಸಾರನ್ನು ಬಟ್ಟಲಿಗೆ ಬಗ್ಗಿಸಿ, ದಿಂಬು ಸರಿಮಾಡಿ, ಆಮೇಲೆ ಕೇಳಿದ.

“ಹಸಿರು ಮೇಲೆ, ಬಿಳಿ ಕೆಳಗೆ. ಅಲ್ವಾ ಉಸ್ತಾ?”

ಮುದುಕ ಬಟ್ಟಲು ಕೆಳಗಿಟ್ಟ. “ನೋಡ್ಬಿಟ್ಯಾ,” ಅಂದ.

“ಯಾಕ್ ಹೀಗ್ ಮಾಡಿದ್ರಿ?”

“ಸರಿ ಕಲಿಸಿದ್ದಿದ್ರೆ ನೀನು ಯಾವಾಗ್ಲೋ ಹೋಗ್ತಿದ್ದೆ. ನನ್ನ ಕೈ ನಡುಗೋಕೆ ಶುರುವಾಗಿ ಎಷ್ಟು ಕಾಲ ಆಯ್ತು ಗೊತ್ತಾ? ಎರಡು ಸ್ಕ್ರೂ ತಿರುಗಿಸೋಕೇ ಉಸಿರು ಬಾಯಿಗೆ ಬರ್ತಿತ್ತು. ಉಳಿದದ್ದೆಲ್ಲಾ ನೀನೇ ಮಾಡ್ತಿದ್ದೆ. ನಿನ್ನಂಥಾ ಹಗುರ ಕೈ ನಾನು ಇನ್ನೊಂದು ನೋಡಿಲ್ಲ ಹಮ್ರಾ.”

ಈ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಇದೊಂದು ಮಾತಿಗಾಗಿ ಅವನು ಅರ್ಧ ಆಯುಷ್ಯ ಕಾದಿದ್ದ.

“ಊರೆಲ್ಲಾ ನನ್ನ ಆಡ್ಕೊಂಡು ನಗ್ತಿದ್ದಾಗ ನೀವು ಪಕ್ಕದಲ್ಲೇ ಇದ್ರಿ.”

“ಆಯ್ತಪ್ಪ, ತಪ್ಪಾಯ್ತು. ಈಗಲೇ ಫಾತಿಹಾ ಕೊಡ್ತೀನಿ, ಬಾ.” ಉಸ್ತಾ ಹೊದಿಕೆಯಿಂದ ಎರಡೂ ಕೈ ಹೊರತೆಗೆದು ಮೇಲೆತ್ತಿದ. ಕೈಗಳು ಗಡಗಡ ನಡುಗುತ್ತಿದ್ದವು. ಪಕ್ಕದ ಮಂಚದ ರೋಗಿಗಳೂ ಪ್ರಾರ್ಥನೆಯೆಂದು ತಿಳಿದು ಕೈಯೆತ್ತಿದರು.

ಹಮ್ರಾಕುಲ್ ಆ ಎರಡೂ ಕೈ ಹಿಡಿದು, ಮೆಲ್ಲಗೆ, ನೋಯಿಸದಂತೆ ಹೊದಿಕೆಯ ಮೇಲೆ ಇಳಿಸಿದ.

“ಬೇಡಿ ಉಸ್ತಾ. ನೀವು ಹೇಳಿಕೊಟ್ಟಿದ್ದನ್ನ ನಂಬಿ ಇಷ್ಟು ದಿನ ಬಂದೆ. ಈಗ ನೀವು ದೇವರ ಹತ್ರ ಏನು ಕೇಳ್ತೀರೋ ಅದನ್ನ ನಂಬೋಕಾಗಲ್ಲ.”

ಕೊಟ್ಟ ಮಾತಿನಂತೆ ಬಂದಿದ್ದ ಒರಿಫ್ ಹೊರಗೆ ಕಾಯುತ್ತಿದ್ದ. “ಕೊಟ್ರೇನೋ?” ಎಂದು ಹಲ್ಲುಕಿರಿದ.

“ಕೊಡೋಕೆ ಬಂದ್ರು. ನಾನೇ ತಗೊಳ್ಳಲಿಲ್ಲ.”

“ತಲೆ ಕೆಟ್ಟಿದ್ಯಾ? ಫಾತಿಹಾ ಇಲ್ದೆ ನಿನಗೆ ಕೆಲಸ ಯಾರು ಕೊಡ್ತಾರೆ? ಯಾಕೆ, ಏನಾಯ್ತು?”

ಹಮ್ರಾಕುಲ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತ. ಅಪ್ಪ ತೀರಿಕೊಂಡ ದಿನ ಅವನು ಹೀಗೆಯೇ ಅತ್ತಿದ್ದ, ಆಗ ತುರ್ಗುನ್ ಉಸ್ತಾ ಅವನನ್ನು ಹೆಗಲಿಗೆ ಒರಗಿಸಿಕೊಂಡು ಕೂತಿದ್ದ.