ಕಲಾಯಿ ಚಾಚಾನ ಚೀಟಿ

ಮಾನ್ವಿಯಲ್ಲಿ ತವರ ಸಿಗದಂತಾದದ್ದು ಜಪಾನಿನವರು ಮಲಯಾ ಹಿಡಿದ ಮೇಲೆ. ಈ ಮಾತು ಹೇಳಿದರೆ ಇವತ್ತಿನ ಹುಡುಗರು ನಗುತ್ತಾರೆ. ಎಲ್ಲಿಯ ಮಲಯಾ, ಎಲ್ಲಿಯ ಮಾನ್ವಿ ಅನ್ನುತ್ತಾರೆ. ಆದರೆ ನಮ್ಮ ತಾಮ್ರ, ಹಿತ್ತಾಳೆಯ ಪಾತ್ರೆಗಳ ಒಳಮೈಗೆ ಬಳಿಯುತ್ತಿದ್ದ ಬೆಳ್ಳನೆಯ ಕಲಾಯಿ ಆ ದೇಶದ ತವರದ್ದೇ. ಅದು ಬರುವುದು ನಿಂತಿತು. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿ ಕಿಲುಬು ಹಿಡಿಯಿತು, ಸಾರು ಹಸಿರಾಯಿತು. ಯುದ್ಧ ನಮ್ಮೂರಿಗೆ ಬಂದದ್ದು ಅಡಿಗೆಮನೆಯ ದಾರಿಯಿಂದ.

ನಾನು ಆಗ ಅಲ್ಲಿಯ ಶಾಲೆಯಲ್ಲಿ ಮಾಸ್ತರ. ಸಂಸ್ಥಾನದ ಕಾಲ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಶಾಲೆಯ ಎದುರಿನ ಬೇವಿನ ಮರದ ಕೆಳಗೆ ಒಬ್ಬ ಮುದುಕ ಕಲಾಯಿ ಹಾಕುತ್ತಿದ್ದ. ನೆಲದಲ್ಲಿ ಒಲೆ, ಪಕ್ಕದಲ್ಲಿ ಚರ್ಮದ ತಿದಿ, ಹಿಂದೆ ತಗಡಿನ ಒಂದು ಗುಡಿಸಲು. ಊರೆಲ್ಲ ಅವನನ್ನು ಚಾಚಾ ಅನ್ನುತ್ತಿತ್ತು. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳನ್ನು ದೇವದುರ್ಗಕ್ಕೆ ಕೊಟ್ಟಿದ್ದ. ಮಂಡಿ ನೋವಿನ ಮನುಷ್ಯ, ಕೂತರೆ ಏಳಲು ಎರಡು ಸಲ ದೇವರನ್ನು ಕರೆಯುತ್ತಿದ್ದ.

ರಾಯಚೂರಿನಿಂದ ಬಸ್ಸಿನಲ್ಲಿ ಬರುವ ಉರ್ದು ಪತ್ರಿಕೆಯನ್ನು ಮಧ್ಯಾಹ್ನದ ಬಿಡುವಿನಲ್ಲಿ ಅವನ ಒಲೆಯ ಪಕ್ಕ ಕೂತು ನಾನು ಗಟ್ಟಿಯಾಗಿ ಓದುತ್ತಿದ್ದೆ. ಹತ್ತಿಪ್ಪತ್ತು ಜನ ಸೇರುತ್ತಿದ್ದರು. ಉರ್ದು ಒಂದು ಸಾಲು, ಅದರ ಕನ್ನಡ ಒಂದು ಸಾಲು, ಆಮೇಲೆ ನನ್ನ ಟೀಕೆ ಹತ್ತು ಸಾಲು. ಸುದ್ದಿಗಿಂತ ಟೀಕೆ ಕೇಳಲಿಕ್ಕೇ ಅವರು ಬರುತ್ತಾರೆಂದು ನಾನು ನಂಬಿದ್ದೆ. ಆ ವಯಸ್ಸಿನಲ್ಲಿ ನನಗೆ ತಿಳಿಯದ ದೇಶವೇ ಇರಲಿಲ್ಲ.

ನಾನು ಆಗಲೂ ಹಳೇ ತಲೆ, ಈಗಲೂ ಹಳೇ ತಲೆ. ಯಾರ ಸರ್ಕಾರವಾದರೂ ಇರಲಿ, ಕಚೇರಿಯ ಬಾಗಿಲು ಹತ್ತಕ್ಕೆ ತೆರೆಯಬೇಕು, ಪೊಲೀಸನ ಕೋಲು ಪೊಲೀಸನ ಕೈಯಲ್ಲೇ ಇರಬೇಕು ಅನ್ನುವವನು. ಲೆವಿಯೆಂದು ಸರ್ಕಾರ ರೈತನ ಹಗೇವಿಗೆ ಇಳಿದು ಜೋಳ ಎತ್ತಿಸಿದಾಗ ನಾನು ಬೇವಿನ ಮರದ ಕೆಳಗೇ ಬೈದೆ. ನೆಲದೊಳಗಿನ ಕಾಳಿಗೆ ಸರ್ಕಾರ ಕೈ ಹಾಕಿದರೆ ರೈತ ಮೊದಲು ಸುಳ್ಳು ಕಲಿಯುತ್ತಾನೆ, ಆಮೇಲೆ ಬಿತ್ತುವುದನ್ನೇ ಕಡಿಮೆ ಮಾಡುತ್ತಾನೆ ಎಂದೆ. ಹಾಗೆಯೇ ಆಯಿತು. ಕಂಟ್ರೋಲಿನ ಅಂಗಡಿ ತೆರೆದ ವಾರವೇ ಸಕ್ಕರೆ ಬಜಾರಿನಿಂದ ಮಾಯವಾಗುತ್ತದೆ ಎಂದೆ. ಅದೂ ಆಯಿತು. ದೇವಸುಗೂರಿನ ಹತ್ತಿರದ ರೈಲು ಸೇತುವೆಯ ಮೇಲೆ ಜಪಾನಿನ ವಿಮಾನ ಬಾಂಬು ಹಾಕುತ್ತದೆಂದು ಗಾಳಿಸುದ್ದಿ ಹಬ್ಬಿದಾಗ, ಹಾಕುವುದಿಲ್ಲ, ಸುಮ್ಮನೆ ಮನೆಯಲ್ಲಿರಿ ಎಂದೆ. ಹಾಕಲಿಲ್ಲ. ಹೀಗೆ ನಾಲ್ಕು ಮಾತು ಖರೆಯಾದ ಮೇಲೆ ನನ್ನ ಮೂಗು ಮೇಲಾಯಿತು. ಎಮ್ಮೆ ಮಾರುವವನೂ ಬೇವಿನ ಮರಕ್ಕೆ ಬಂದು, ಮಾಸ್ತರ ಏನಂತಾರ ಎಂದು ಕೇಳುತ್ತಿದ್ದ.

ಯುದ್ಧ ಮುಗಿಯಿತು. ತವರ ಸ್ವಲ್ಪ ಸ್ವಲ್ಪವೇ ಬರತೊಡಗಿತು. ಬ್ರಿಟಿಷರು ಹೋದರು. ಆಮೇಲೆ ನಮ್ಮ ಸಂಸ್ಥಾನ ಯೂನಿಯನ್ನಿಗೆ ಸೇರುವುದೋ ಇಲ್ಲವೋ ಎಂಬ ಹಗ್ಗಜಗ್ಗಾಟ ಶುರುವಾಯಿತು. ಸಂಸ್ಥಾನ ಉಳಿಸುತ್ತೇವೆಂದು ಸಂಬಳವಿಲ್ಲದ, ಮೇಲಧಿಕಾರಿಯಿಲ್ಲದ ಒಂದು ದಂಡು ಬಂದೂಕು ಹಿಡಿದು ಹಳ್ಳಿಗಳನ್ನು ಸುಲಿಯುತ್ತ ತಿರುಗತೊಡಗಿತು. ಸೇರಲೇಬೇಕೆನ್ನುವ ಎದುರಿನವರು ಸುಂಕದ ನಾಕಾ ಸುಟ್ಟು, ದಫ್ತರ ಸುಟ್ಟು ಗಡಿ ದಾಟಿ ಓಡತೊಡಗಿದರು. ನಾನು ಇಬ್ಬರನ್ನೂ ಬೈದೆ. ತನ್ನ ಕೋಲನ್ನು ಇನ್ನೊಬ್ಬನ ಕೈಗೆ ಕೊಟ್ಟ ಸರ್ಕಾರ ಸರ್ಕಾರವಲ್ಲ, ದಫ್ತರ ಸುಟ್ಟವನಿಗೆ ನಾಳೆ ತನ್ನ ಹೊಲ ತನ್ನದೆಂದು ತೋರಿಸಲು ಕಾಗದವಿರುವುದಿಲ್ಲ ಎಂದೆ. ಈ ಮಾತನ್ನು ಇವತ್ತಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅದರ ಬಾಲಕ್ಕೆ ಇನ್ನೊಂದು ಮಾತು ಸೇರಿಸುತ್ತಿದ್ದೆ: ಏನೂ ಆಗುವುದಿಲ್ಲ, ಯಾರೂ ಊರು ಬಿಡಬೇಡಿ.

ಜನ ಊರು ಬಿಟ್ಟರು. ಹೇಳಿ ಹೋಗಲಿಲ್ಲ. ಬೆಳಿಗ್ಗೆ ನೋಡಿದರೆ ಒಂದು ಮನೆಗೆ ಬೀಗ, ಅಂಗಳದಲ್ಲಿ ನಿನ್ನೆ ಹಾಕಿದ ರಂಗೋಲಿ ಹಾಗೇ ಇರುತ್ತಿತ್ತು. ಮಧ್ಯಾಹ್ನ ಬಜಾರಿನಲ್ಲಿ ನನ್ನ ಮೆಟ್ಟಿನ ಸಪ್ಪಳ ನನಗೇ ಕೇಳಿಸತೊಡಗಿತು. ನಿಂತರೆ ಅದೂ ನಿಲ್ಲುತ್ತಿತ್ತು. ಆದರೂ ಹಿಂದೆ ಯಾರೋ ಒಂದು ಹೆಜ್ಜೆ ಹೆಚ್ಚು ಇಟ್ಟಂತೆ ಅನಿಸಿ ತಿರುಗಿ ನೋಡುತ್ತಿದ್ದೆ. ಬೀಗ ಹಾಕಿದ ಮನೆಯೊಳಗೆ ಒಮ್ಮೆ ಬೀಸುವ ಕಲ್ಲಿನ ಸದ್ದು ಕೇಳಿದೆ. ಕಿಟಕಿಯ ಹತ್ತಿರ ಹೋದೆ, ಸದ್ದು ನಿಂತಿತು. ಕರೆದರೆ ಯಾರೂ ಓಗೊಡಲಿಲ್ಲ. ಎರಡನೆಯ ಸಲ ಕರೆಯುವ ಧೈರ್ಯ ನನಗೆ ಬರಲಿಲ್ಲ.

ಹೋದವರಲ್ಲಿ ಅನೇಕರು ಚಾಚಾನ ಹತ್ತಿರ ಪಾತ್ರೆ ಕೊಟ್ಟಿದ್ದವರು. ಪಾತ್ರೆಯ ಕಂಠಕ್ಕೆ ಹೆಸರು ಕೊರೆಸುವುದು ನಮ್ಮ ಕಡೆಯ ರೂಢಿ. ಅವನು ಕಲಾಯಿ ಹಾಕಿ, ಹೆಸರು ಕಾಣುವಂತೆ ಗುಡಿಸಲಲ್ಲಿ ಸಾಲಾಗಿ ಇಟ್ಟ. ಒಯ್ಯಲು ಯಾರೂ ಬರಲಿಲ್ಲ. ತಿಂಗಳಲ್ಲಿ ಆ ತಗಡಿನ ಗುಡಿಸಲು ತುಂಬಿತು. ಒಳಗೆ ಕಾಲಿಟ್ಟರೆ ಹತ್ತಾರು ಬೆಳ್ಳಗಿನ ಹೊಟ್ಟೆಗಳಲ್ಲಿ ನನ್ನ ಮುಖ ಉದ್ದವಾಗಿ, ಅಡ್ಡವಾಗಿ ಕಾಣುತ್ತಿತ್ತು, ಪ್ರತಿಯೊಂದರ ಮೇಲೂ ಬೇರೆಯವರ ಹೆಸರು. ನನಗೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಅವನು ಮಾತ್ರ ದಿನಾ ಅವುಗಳ ಧೂಳು ಒರೆಸುತ್ತಿದ್ದ.

ಒಂದು ದಿನ ತಿದಿ ಒತ್ತುವುದನ್ನು ನಿಲ್ಲಿಸಿ ಕೇಳಿದ. “ಮಾಸ್ತರ್ರ, ನಾ ಮಗಳ ಕಡಿ ದೇವದುರ್ಗಕ್ಕ ಹೋಗ್ಲೇನ್ರಿ? ನೀವು ಹೂಂ ಅಂದ್ರ ಹೋಗ್ತೀನಿ.”

“ಇಲ್ಲೇ ಇರು ಚಾಚಾ. ಹಿಂದ ಹ್ಯಾಂಗಿತ್ತೋ ಮುಂದೂ ಹಾಂಗ ಇರ್ತದ. ಕಲಾಯಿ ಹಾಕಾವ್ನಿಗೆ ಯಾರ ಭಯ?” ಎಂದೆ.

ಅವನು ತಲೆಯಾಡಿಸಿ ಮತ್ತೆ ತಿದಿ ಒತ್ತಿದ. ನಾಚಿಕೆಯಿಂದಲೇ ಹೇಳುತ್ತೇನೆ: ಅಷ್ಟು ಹೊತ್ತಿಗೆ ನನ್ನ ಹೆಂಡತಿಯನ್ನು ನಾನು ರಾಯಚೂರಿನ ಅಣ್ಣನ ಮನೆಗೆ ಕಳಿಸಿ ಹದಿನೈದು ದಿನವಾಗಿತ್ತು.

ಭಾದ್ರಪದದಲ್ಲಿ ಯೂನಿಯನ್ನಿನ ಫೌಜು ಬಂತು. ನೋಡನೋಡುವುದರಲ್ಲಿ ಎಲ್ಲ ಮುಗಿಯಿತು. ಬಂದೂಕಿನ ದಂಡಿನವರು ಬಟ್ಟೆ ಬದಲಿಸಿ ಕಾಣೆಯಾದರು. ಬೀಗಗಳು ಒಂದೊಂದೇ ತೆರೆದವು. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆದರೆ ಊರಿನ ಸದ್ದು ಮಾತ್ರ ಮರಳಿ ಬರಲಿಲ್ಲ. ಹೋದವರು ಬಂದರು, ಇದ್ದವರು ಈಗ ಮನೆಯೊಳಗೆ ಸೇರಿ ಅಗಳಿ ಹಾಕಿಕೊಂಡರು. ಮಾಡಿದವನು ಓಡಿಹೋದ ಮೇಲೆ ಸಿಟ್ಟು ಅವನ ಮತದವನೆಂದು ಕೈಗೆ ಸಿಕ್ಕವನ ಮೇಲೆ ತಿರುಗುತ್ತದೆ. ಗುಡಿಸಲಿನ ಪಾತ್ರೆಗಳನ್ನು ಹೆಸರು ನೋಡಿ ಒಯ್ದವರು ಚಾಚಾನ ಮುಖ ನೋಡಲಿಲ್ಲ. ಒಬ್ಬ ಹಂಡೆ ಎತ್ತಿಕೊಂಡು ಅದರೊಳಗೆ ಉಗುಳಿ ಹೋದ.

ಮರುದಿನ ಚಾಚಾ ನನ್ನ ಮನೆಯ ಹಿಂದಿನ ಗೋಡೆಗೆ ಬಂದು ನಿಂತ. ತಿದಿಯ ಮುಂದೆ ಅಲ್ಲದೆ ಬೇರೆಡೆ ಅವನನ್ನು ನೋಡಿದ್ದೇ ಅಪರೂಪ. ಎಷ್ಟು ಚಿಕ್ಕ ಮನುಷ್ಯ ಅನಿಸಿತು.

“ಮಾಸ್ತರ್ರ, ನಂಗ ಇಲ್ಲಿ ಇರಾಕ ಆಗವಲ್ದು. ದೇವದುರ್ಗ ತನಕ ನೀವು ಜೋಡಿ ಬರ್ರಿ. ನೀವು ಬಾಜೂಕ ಇದ್ರ ನಂಗ ಯಾರೂ ಏನೂ ಅನ್ನಂಗಿಲ್ಲ.”

ಈ ಸಲ ನಾನು ಭಾಷಣ ಮಾಡಲಿಲ್ಲ. ಬರುತ್ತೇನೆ ಎಂದೆ. ಶಾಲೆಯ ಗತಿ ಏನೆಂದು ಕೇಳಲು ರಾಯಚೂರಿಗೆ ಹೋಗಬೇಕಿತ್ತು. ಸೋಮವಾರ ವಾಪಸು ಬರುತ್ತೇನೆ, ಮಂಗಳವಾರ ಮುಂಜಾನೆ ಸಿರವಾರದ ದಾರಿಯ ನಾಕಾದ ಹತ್ತಿರ ಕೂಡೋಣ ಎಂದು ಮಾತಾಯಿತು. ಅವನ ಮುಖ ಅರಳಿತು. ಬಳೆ ಮಾರುವವಳೊಬ್ಬಳು ದೇವದುರ್ಗಕ್ಕೆ ಹೊರಟಿದ್ದಳು, ಅವಳ ಕೈಯಲ್ಲಿ ಮಗಳಿಗೆ ಅವತ್ತೇ ಹೇಳಿ ಕಳಿಸಿದ.

ರಾಯಚೂರಿನಲ್ಲಿ ಕಚೇರಿ ಹತ್ತಕ್ಕೆ ತೆರೆಯಲಿಲ್ಲ, ಹನ್ನೆರಡಕ್ಕೂ ತೆರೆಯಲಿಲ್ಲ. ಸೋಮವಾರ ಬಸ್ಸೂ ನಿಂತಿತ್ತು. ಮಂಗಳವಾರ ನಡೆದು, ಸಿಕ್ಕ ಬಂಡಿ ಹತ್ತಿ, ಮತ್ತೆ ನಡೆದು ಮಾನ್ವಿ ಸೇರಿದಾಗ ಬುಧವಾರ ಮಧ್ಯಾಹ್ನ. ಬಾಗಿಲು ತೆರೆದರೆ ಹೊಸ್ತಿಲ ಒಳಗೆ ಒಂದು ಚೀಟಿ ಬಿದ್ದಿತ್ತು. ಚಾಚಾನ ಸೊಟ್ಟ ಉರ್ದು: “ಕಲ್ ನಾಕೆ ಪರ್ ಆಪ್ ಕಾ ಇಂತಜಾರ್.”

ಉರ್ದುವಿನಲ್ಲಿ ಕಲ್ ಅಂದರೆ ನಿನ್ನೆ. ಕಲ್ ಅಂದರೆ ನಾಳೆಯೂ ಹೌದು. ಯಾವುದೆಂದು ಹೇಳಬೇಕಾದದ್ದು ಕ್ರಿಯಾಪದ, ಅದನ್ನೇ ಅವನು ಬರೆದಿರಲಿಲ್ಲ. ನಿನ್ನೆ ನಾಕಾದಲ್ಲಿ ನಿಮಗಾಗಿ ಕಾದೆ ಅಂತಲೂ ಆಗುತ್ತದೆ, ನಾಳೆ ಕಾಯುತ್ತೇನೆ ಅಂತಲೂ ಆಗುತ್ತದೆ. ಹುಡುಗರಿಗೆ ಇದನ್ನೇ ಪಾಠ ಹೇಳುತ್ತಿದ್ದ ಮಾಸ್ತರ ನಾನು. ಚೀಟಿಯನ್ನು ಒಂದೇ ಸಲ ಓದಿದೆ. ನಾನು ಬಾರದ್ದು ನೋಡಿ ಪಾಪ ಪ್ರಯಾಣ ಗುರುವಾರಕ್ಕೆ ಹಾಕಿದ್ದಾನೆ ಅಂದುಕೊಂಡೆ. ಕಾಲಲ್ಲಿ ಬೊಬ್ಬೆ ಎದ್ದಿದ್ದವು. ನಾಳೆ ಎಂಬ ಅರ್ಥ ನನ್ನ ಕಾಲಿಗೆ ಹಿತವಾಗಿತ್ತು. ಸ್ನಾನ ಮಾಡಿದೆ, ಅನ್ನ ಬೇಯಿಸಿ ಉಂಡೆ, ಮಲಗಿದೆ.

ಗುರುವಾರ ಮುಂಜಾನೆ ನಾಕಾಕ್ಕೆ ಹೋದೆ. ಸುಟ್ಟ ಕಟ್ಟೆ, ಕರಿ ಗೋಡೆ. ಮಂಜು ಕವಿದು ದಾರಿ ಹತ್ತು ಮಾರಿನಾಚೆ ಕಾಣುತ್ತಿರಲಿಲ್ಲ. ಎರಡು ಸಲ ಮಂಡಿ ನೋವಿನವನು ನಡೆಯುವಂಥ ಎಳೆದ ಹೆಜ್ಜೆ ಕೇಳಿಸಿತು. ಚಾಚಾ ಎಂದು ಎದ್ದು ನಿಂತೆ. ಯಾರೂ ಬರಲಿಲ್ಲ. ಬಿಸಿಲು ಏರಿದ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಬಂದಳು.

“ಯವ್ವಾ, ಕಲಾಯಿ ಚಾಚಾನ್ನ ಎಲ್ಲೆರ ಕಂಡೇನು?”

“ಮಂಗಳಾರ ದಿನಪೂರ್ತಿ ಇಲ್ಲೇ ಕುಂತಿದ್ದನಲ್ಲಪಾ, ಯಾರಿಗೋ ಕಾಯ್ಕೋಂತ. ನಿನ್ನಿ ನಸುಕಿನ್ಯಾಗ ಒಬ್ಬನ ಸಿರವಾರ ದಾರಿ ಹಿಡದು ಹೋದ. ಬ್ಯಾಡೋ ಅಂದೆ, ಕೇಳಲಿಲ್ಲ.”

ಆಗ ಚೀಟಿ ನನಗೆ ಅರ್ಥವಾಯಿತು. ಬುಧವಾರ ಹೊರಡುವಾಗ ನನ್ನ ಬಾಗಿಲಿಗೆ ಬಂದು, ನಿನ್ನೆ ಕಾದೆ ಎಂದು ಬರೆದಿಟ್ಟು ಹೋಗಿದ್ದಾನೆ. ಚೀಟಿ ಕಂಡ ಗಳಿಗೆಯಲ್ಲಿ ನಾನು ಹೊರಟಿದ್ದರೆ, ಆ ಮಂಡಿಯವನನ್ನು ಸಿರವಾರದೊಳಗೆ ಹಿಡಿಯಬಹುದಿತ್ತು. ನಾನು ಉಣ್ಣುತ್ತಿದ್ದೆ. ನನ್ನ ಮೇಲೆ ನನಗೆ ಅಷ್ಟು ಸಿಟ್ಟು ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಅಲ್ಲಿಂದಲೇ ನಡೆದೆ. ಸಂಜೆ ಸಿರವಾರದಲ್ಲಿ ಅಂಗಡಿಯವನೊಬ್ಬ, ಹೌದು, ನಿನ್ನೆ ಹೊತ್ತಿಳಿಯುವಾಗ ಗಂಟು ಹೊತ್ತ ಮುದುಕ ನೀರು ಕೇಳಿ ಕುಡಿದು ಮುಂದೆ ಹೋದ ಎಂದ. ಅಲ್ಲಿ ತಂಗಿ ಶುಕ್ರವಾರ ಬೆಳಕಾಗುತ್ತಲೇ ದೇವದುರ್ಗದ ದಾರಿ ಹಿಡಿದೆ. ಎರಡೂ ಕಡೆ ಆಳೆತ್ತರದ ಸಜ್ಜೆ. ಗಾಳಿ ಬೀಸಿದಾಗ ಒಳಗೆಲ್ಲೋ ತಿದಿ ಒತ್ತಿದಂತೆ ಉಸ್ ಎಂದು ಸದ್ದು ಬರುತ್ತಿತ್ತು. ಒಂದು ಕಡೆ ತಡೆಯಲಾರದೆ ಸಜ್ಜೆ ಸೀಳಿಕೊಂಡು ಒಳಗೆ ನುಗ್ಗಿದೆ. ತೆನೆ ಮುಖಕ್ಕೆ ಬಡಿದವು, ಅಷ್ಟೇ. ದಾರಿಯಲ್ಲಿ ಸಿಕ್ಕ ಇಬ್ಬರೂ ಕೇಳುವ ಮೊದಲೇ, ನಾವು ಯಾರನ್ನೂ ನೋಡಿಲ್ಲ ಅಂದರು. ಸಿರವಾರದ ಆಚೆ ಚಾಚಾನನ್ನು ಕಂಡವರು ಅವತ್ತು ಸಿಗಲಿಲ್ಲ, ಆಮೇಲೆ ವರ್ಷಗಟ್ಟಲೆ ಕೇಳಿದರೂ ಸಿಗಲಿಲ್ಲ.

ದೇವದುರ್ಗ ಮುಟ್ಟಿದಾಗ ಮಧ್ಯಾಹ್ನ ಬಾಗಿತ್ತು. ಆತ ನನಗಿಂತ ಮೊದಲೇ ಬಂದು ಕಾಲು ಚಾಚಿ ಕೂತಿರುತ್ತಾನೆ, ನನ್ನನ್ನು ನೋಡಿ ನಗುತ್ತಾನೆ ಎಂದು ಓಣಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಕದ ತಟ್ಟಿದೆ. ಸಂದಿಯಲ್ಲಿ ಒಂದು ಕಣ್ಣು ಕಂಡಿತು.

“ಯಾರ್ರಿ?”

“ಮಾನ್ವಿ ಶಾಲಿ ಮಾಸ್ತರ.”

ಅಗಳಿ ತೆಗೆದ ಸದ್ದು. ತಲೆಯ ಮೇಲೆ ಸೆರಗು ಹೊದ್ದ ಹೆಣ್ಣುಮಗಳು, ತಂದೆಯದೇ ಗಲ್ಲ. ನಗುತ್ತಿದ್ದಳು.

“ಬರ್ರಿ ಮಾಸ್ತರ್ರ, ಬರ್ರಿ. ಮಾಸ್ತರ ಜೋಡಿ ಬರ್ತೀನಿ, ಏನೂ ಹೆದರಬ್ಯಾಡ ಅಂತ ಅಬ್ಬಾ ಹೇಳಿ ಕಳಿಸಿದ್ದ. ಮೂರು ದಿನ ಆತು, ಬಾಗಲಾ ಕಾಯಾಕತ್ತೀನಿ.”

ಕಾಲಿಗೆ ನೀರು ತಂದಳು. ಎರಡು ತಂಬಿಗೆ ತಂದಿದ್ದಳು. ಒಂದನ್ನು ನನ್ನ ಮುಂದೆ ಇಟ್ಟು, ಇನ್ನೊಂದನ್ನು ಕೈಯಲ್ಲೇ ಹಿಡಿದು, ನನ್ನ ಹೆಗಲಿನ ಮೇಲಿಂದ ಓಣಿಯ ಕಡೆ ನೋಡಿದಳು. ನಾನೂ ತಿರುಗಿ ಅತ್ತಲೇ ನೋಡಿದೆ.