ಇಂಟ್ಸ್ ಕೊಟ್ಟ ಮಾತು

ಆ ದಿನ ಬೆಳಿಗ್ಗೆ ವೆಲ್ಟಾ ಮೇಜಿನ ಮೇಲೆ ಚಮಚ ಕುಟ್ಟಿದಳು.

ಅದು ಅವರ ಮನೆಯ ರೂಢಿ. ಗಂಡ ಇಂಟ್ಸ್ ಬ್ರಸೆಲ್ಸಿನಲ್ಲಿ ಯುರೋಪಿನವರ ದೊಡ್ಡ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ. ಲಾಟ್ವಿಯಾದ ಜನ ಕಚೇರಿಯ ಅಂತರ್ಜಾಲ ಪುಟದಲ್ಲಿ ಏನೇ ಕೇಳಲಿ, ಎಷ್ಟೇ ಬಯ್ಯಲಿ, ಅವರ ಮಾತಿನಲ್ಲೇ ಉತ್ತರ ಬರೆಯುವುದು ಅವನ ಪಾಲಿನದು. ಈ ಕಚೇರಿಗೆ ಮುಖವೇ ಇಲ್ಲ ಎಂದು ಜನ ದೂರಿದ ಮೇಲೆ, ಪ್ರತಿ ಉತ್ತರದ ಕೆಳಗೂ ಬರೆದವರ ಹೆಸರು ಹಾಕುವ ನಿಯಮ ಬಂದಿತ್ತು. ತೊಡಕಿನ ಉತ್ತರವಿದ್ದರೆ ಇಂಟ್ಸ್ ತಿಂಡಿಯ ಹೊತ್ತಿಗೆ ಹೆಂಡತಿಗೆ ಓದಿ ಹೇಳುತ್ತಿದ್ದ. ಅವಳು ಎಂಟನೇ ತರಗತಿಗೆ ಶಾಲೆ ಬಿಟ್ಟು ತನ್ನೂರು ಲಿಯೆಪಾಯಾದಲ್ಲಿ ಮೀನು ಡಬ್ಬಿಗೆ ತುಂಬುವ ಕೆಲಸಕ್ಕೆ ಹೋದವಳು. ಇಲ್ಲಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಅರ್ಥವಾಗದ ಕಡೆ ಚಮಚ ಕುಟ್ಟುತ್ತಾಳೆ. ಅವನು ಆ ಸಾಲು ತೆಗೆಯುತ್ತಾನೆ.

ಅಂದು ಲಾಟ್ವಿಯಾದ ಲಾಟ್ಗಾಲೆ ಕಡೆಯ ಮುದುಕನೊಬ್ಬ ಕೇಳಿದ್ದ: ನಮ್ಮೂರಿಗೆ ಬಸ್ಸು ನಿಂತಿದೆ, ಹೆಂಡತಿಯ ಗೋರಿಗೆ ನಾನು ಹೋಗುವುದು ಹೇಗೆ?

"ಸಾರಿಗೆಯ ವಿಷಯವು ಆಯಾ ದೇಶದ ಅಧಿಕಾರ ವ್ಯಾಪ್ತಿಗೆ ಒಳಪಟ್ಟಿದ್ದು..." ಎಂದು ಇಂಟ್ಸ್ ಓದಿದ.

ಚಮಚದ ಏಟು ಬಿತ್ತು.

"ಏನದು?"

"ಅದು ನಮ್ಮ ಕೈಲಿಲ್ಲ ಅಂತ."

"ಮತ್ತೆ ಯಾರ ಕೈಲಿದೆ?"

"ನಂಗೇನು ಗೊತ್ತು?"

"ಹಂಗಾದ್ರೆ ಗೊತ್ತಿಲ್ಲ ಅಂತ ಬರಿ."

"ಕಚೇರಿ ಎಲ್ಲಾದ್ರೂ ಗೊತ್ತಿಲ್ಲ ಅನ್ನುತ್ತಾ, ಹುಚ್ಚಿ?"

"ಕಚೇರಿ ಅನ್ನದಿದ್ರೆ ನೀನನ್ನು. ಕೆಳಗಡೆ ಇರೋದು ನಿನ್ನ ಹೆಸರು ತಾನೇ?"

ಅವನು ನಕ್ಕ. ಅಲ್ಲೇ ಕೂತು ಬರೆದ: "ನನಗೆ ಗೊತ್ತಿಲ್ಲ. ತಿಳಿದವರನ್ನು ಕೇಳಿ ಹೇಳುತ್ತೇನೆ. ಇಂಟ್ಸ್." ರೈ ಧಾನ್ಯದ ರೊಟ್ಟಿಯ ಗಟ್ಟಿ ತುದಿ ಅವನಿಗೆ ಇಷ್ಟ, ಅದನ್ನು ಬಾಯಲ್ಲಿ ಕಚ್ಚಿಕೊಂಡೇ ಕೋಟು ತೊಟ್ಟ. ಮೇಜಿನ ಕೆಳಗೆಲ್ಲ ಪುಡಿ.

"ಹಂದಿ ತಿಂದಂಗೆ ತಿಂತೀಯ," ಅಂದಳು ವೆಲ್ಟಾ. ಅವನಿಗೆ ಅವಳು ಹೇಳಿದ ಕೊನೆಯ ಮಾತು ಅದು. ಸಂಜೆ ಟ್ರಾಮಿಗೆ ಕಾಯುತ್ತ ನಿಂತವನು ಕುಸಿದ. ಆಂಬುಲೆನ್ಸ್ ಬರುವುದರೊಳಗೆ ಜೀವ ಹೋಗಿತ್ತು.

ಲಿಯೆಪಾಯಾದ ಮರಳುನೆಲದಲ್ಲಿ, ಪೈನ್ ಮರಗಳ ಕೆಳಗೆ ಅವನನ್ನು ಇಟ್ಟು, ವೆಲ್ಟಾ ಬ್ರಸೆಲ್ಸಿನ ಇಸ್ತ್ರಿಪೆಟ್ಟಿಗೆಗೆ ಮರಳಿದಳು.

ಮಂಜಿನ ತಿಂಗಳು ಬಂತು. ಅವರ ಊರ ಕಡೆ ಅದು ಸತ್ತವರ ಕಾಲ. ಅವರನ್ನು ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಉಂಡಾದ ಮೇಲೆ "ಉಂಡಿರಿ, ಕುಡಿದಿರಿ, ಇನ್ನು ನಿಮ್ಮ ದಾರಿ ಹಿಡಿಯಿರಿ" ಎಂದು ಹೇಳಿ, ಮೇಜಿನಿಂದ ಹೊಸ್ತಿಲಾಚೆಗೆ ಗುಡಿಸಿ ಕಳಿಸಬೇಕು. ವೆಲ್ಟಾ ಬೂದು ಬಟಾಣಿ ಬೇಯಿಸಿ ಎಡೆ ಇಟ್ಟಳು. ಕರೆದಳು. ಕಳಿಸಲಿಲ್ಲ. ಬಾಯಿ ಬರಲಿಲ್ಲ.

ಅದಾದ ಕೆಲವೇ ದಿನಕ್ಕೆ ಇಂಟ್ಸನ ತಂಗಿ ಬಿರುತಾ ಊರಿಂದ ಫೋನು ಮಾಡಿದಳು.

"ಅತ್ತಿಗೆ, ಕೂತಿದ್ದೀಯಾ?"

"ನಿಂತಿದ್ದೀನಿ. ಏನು?"

"ಅಣ್ಣ ನಂಗೆ ಉತ್ತರ ಬರ್ದಿದ್ದಾನೆ."

"ಬೆಳಿಗ್ಗೆಬೆಳಿಗ್ಗೇನೇ ಕುಡಿದ್ಯಾ?"

"ಕುಡಿದಿದ್ರೆ ಹಿಂಗೆ ನಡುಗ್ತಿದ್ನಾ? ಸಂತೇಲಿ ಹೊಗೆಮೀನು ಮಾರೋಕೆ ಏನೋ ಹೊಸ ನಿಯಮ ಅಂದ್ರು. ಅವನ ಕಚೇರೀನೇ ಕೇಳ್ದೆ. ಕೆಳಗೆ ಅಣ್ಣನ ಹೆಸರು!" ಸ್ವಲ್ಪ ತಡೆದು ಕೇಳಿದಳು, "ಊಟಕ್ಕೆ ಕರೆದ್ಯಾ ಅವನ್ನ?"

"ಕರೆದೆ."

"ಕಳಿಸಿಕೊಟ್ಯಾ?"

ವೆಲ್ಟಾ ಅವನ ಕುರ್ಚಿಯ ಕಡೆ ನೋಡಿದಳು.

"ಅಯ್ಯೋ ಅತ್ತಿಗೆ! ಕಳಿಸದಿದ್ರೆ ಅವನು ಇನ್ನೆಲ್ಲಿಗೆ ಹೋಗ್ತಾನೆ? ಕೆಲಸಕ್ಕೆ ಹೋಗ್ತಾನೆ!"

ವೆಲ್ಟಾ ನಗಲಿಲ್ಲ. ಲಾಂಡ್ರಿಗೆ ಹೋಗಲಿಲ್ಲ. ಕಚೇರಿಯ ಪುಟ ತೆರೆದು ಒಂದೇ ಬೆರಳಲ್ಲಿ ಒತ್ತಿದಳು: "ಇಂಟ್ಸ್, ನಿನಗೆ ಚಳಿಯಾಗುತ್ತಿದೆಯಾ?" ಕೈ ತೆಗೆಯುವುದರೊಳಗೆ ಉತ್ತರ ಬಂತು.

"ನನಗೆ ಗೊತ್ತಿಲ್ಲ. ತಿಳಿದವರನ್ನು ಕೇಳಿ ಹೇಳುತ್ತೇನೆ. ಇಂಟ್ಸ್."

ಅವನದೇ ಮಾತು. ಅವಳೇ ಚಮಚ ಕುಟ್ಟಿ ಹೇಳಿಸಿದ ಮಾತು. ಕೇಳಿ ಹೇಳುತ್ತೇನೆ ಅಂದಿದ್ದಾನೆ. ಹೇಳದೆ ಹೋಗುವವನಲ್ಲ. ಅವಳು ಕಾದಳು. ಅಡುಗೆಮನೆಯ ದೀಪ ಆರಿಸಲಿಲ್ಲ. ಅವನ ಕುರ್ಚಿ ಸರಿಸಲಿಲ್ಲ. ದಿನಾ ಕೇಳಿದಳು, ದಿನಾ ಅದೇ ಉತ್ತರ. ಪುಟದಲ್ಲಿ ಬೇರೆಯವರಿಗೂ ಅದೇ ಉತ್ತರ ಬಂದದ್ದು ಕಂಡಳು. ಲಾಟ್ಗಾಲೆಯ ಮುದುಕ ಕೆಳಗೆ ಮತ್ತೆ ಬರೆದಿದ್ದ: "ಇಂಟ್ಸ್ ಅವರೇ, ಕೇಳಿದಿರಾ? ಹಿಮ ಬೀಳುತ್ತಿದೆ."

ಅದನ್ನು ಓದಿದ ಮೇಲೆ ವೆಲ್ಟಾಗೆ ತಡೆಯಲಾಗಲಿಲ್ಲ. ಇಂಟ್ಸನ ಜೊತೆ ಕೆಲಸ ಮಾಡುತ್ತಿದ್ದ ಗುನಿತಾಳನ್ನು ಮನೆಗೆ ಕರೆಸಿದಳು. ಗುನಿತಾ ಫೋನು ನೋಡಿದವಳೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ವೆಲ್ಟಕ್ಕ, ಇದು ಅವರಲ್ಲ. ಆ ಉತ್ತರ ಜನಕ್ಕೆ ತುಂಬಾ ಹಿಡಿಸ್ತು. ಅದಕ್ಕೇ ಮೇಲಿನೋರು ಅದನ್ನ ಯಂತ್ರಕ್ಕೆ ಹಾಕಿದ್ರು. ಉತ್ತರ ಸಿಗದ ಪ್ರಶ್ನೆ ಬಂದ್ರೆ ಅದೇ ತಾನಾಗಿ ಹೋಗುತ್ತೆ. ಹೆಸರು ತೆಗಿಯೋದು ಯಾರಿಗೂ ಹೊಳೀಲಿಲ್ಲ. ಇವತ್ತೇ ತೆಗೆಸ್ತೀನಿ."

"ಹೆಸರು ಆಮೇಲೆ. ಆ ಮುದುಕನ ಬಸ್ಸಿನ ವಿಷಯ ಯಾರಾದ್ರೂ ಕೇಳಿದ್ರಾ?"

ಗುನಿತಾ ಮುದುಕನ ಸಾಲನ್ನು ಮತ್ತೆ ಓದಿ ಫೋನು ಮಗುಚಿಟ್ಟಳು.

"ಯಾರೂ ಕೇಳಿಲ್ಲ," ಅಂದಳು ವೆಲ್ಟಾ. "ಸತ್ತವನ ಬಾಯಲ್ಲಿ ದಿನಾ ಸುಳ್ಳು ಹೇಳಿಸ್ತಾ ಇದ್ದೀರಿ. ಹಂಗಾದ್ರೆ ಅವನು ಹೆಂಗೆ ಹೋಗ್ತಾನೆ ಮಗಳೇ? ಮೊದಲು ಕೇಳು. ಆಮೇಲೆ ಹೆಸರು ತೆಗೆಸು."

ಗುನಿತಾ ಅಲ್ಲೇ ಕೂತು ಮುದುಕನ ಊರಿನ ಆಡಳಿತಕ್ಕೆ ಫೋನು ಹಚ್ಚಿದಳು. ಒಬ್ಬರು ಇನ್ನೊಬ್ಬರನ್ನು ತೋರಿಸಿದರು, ಅವರು ಮತ್ತೊಬ್ಬರನ್ನು. ವೆಲ್ಟಾ ಅವಳ ಮುಂದೆ ಕಾಫಿ ಇಟ್ಟು ಎದುರಿಗೇ ಕೂತಳು. ಏಳಲು ಬಿಡಲಿಲ್ಲ. ಕೊನೆಗೆ ತಿಳಿಯಿತು: ಹಿಂದಿನ ದಿನ ಫೋನು ಮಾಡಿ ಹೇಳಿದರೆ ಊರಿನ ವ್ಯಾನು ಮನೆಬಾಗಿಲಿಗೇ ಬರುತ್ತದೆ. ಗುನಿತಾ ಅದನ್ನು ಬರೆದಳು, ಓದಿದಳು. ವೆಲ್ಟಾ ಚಮಚ ಹಿಡಿದಿದ್ದಳು. ಕುಟ್ಟಲಿಲ್ಲ.

"ಕೆಳಗೆ ಯಾರ ಹೆಸರು ಹಾಕ್ಲಿ?"

"ನಿಂದು ಹಾಕು. ಇಂಟ್ಸ್ ಕೇಳೋಕೆ ಹೇಳಿದ್ದ ಅಂತ ಬರಿ."

ಭಾನುವಾರ ಮುದುಕ ಒಂದು ಚಿತ್ರ ಹಾಕಿದ. ಹಿಮದಲ್ಲಿ ಒಂದು ಗೋರಿ, ಉರಿಯುವ ಎರಡು ಮೇಣದ ಬತ್ತಿ. "ಒಂದು ಇಂಟ್ಸ್ ಅವರಿಗೆ" ಎಂದು ಬರೆದಿದ್ದ. ಇಂಟ್ಸ್ ತೀರಿಕೊಂಡದ್ದನ್ನು ಅವನಿಗೆ ಯಾರು ಹೇಳಿದರೋ.

ಅಂದು ಸಂಜೆ ವೆಲ್ಟಾ ಪುಟದಲ್ಲಿ ಮತ್ತೆ ಅದೇ ಪ್ರಶ್ನೆ ಕೇಳಿದಳು. ಉತ್ತರ ಬಂತು. ಕೆಳಗೆ ಯಾರ ಹೆಸರೂ ಇರಲಿಲ್ಲ. ಹೆಸರಿದ್ದಾಗ ಆಗದಷ್ಟು ಭಯ ಆ ಖಾಲಿ ಜಾಗ ನೋಡಿ ಆಯಿತು.

ಅವನು ಕೊಟ್ಟ ಮಾತು ತೀರಿತ್ತು. ಅವನನ್ನು ಹಿಡಿದಿಡಲು ಇನ್ನು ನೆಪವಿರಲಿಲ್ಲ. ಎಡೆ ಇಟ್ಟಳು. "ನೀನು ಉಂಡೆ," ಅಂದಳು. "ಕುಡಿದೆ," ಅಂದಳು. ದಾರಿ ಹಿಡಿ ಅನ್ನದೆ ತಟ್ಟೆ ಎತ್ತಿದಳು.

ಈಗಲೂ ಬೆಳಿಗ್ಗೆ ಎದ್ದವಳೇ ಪೊರಕೆ ಹಿಡಿಯುತ್ತಾಳೆ. ಅವನ ಕುರ್ಚಿಯ ಕೆಳಗಿಂದ ಶುರು. ಅಲ್ಲಿ ರೊಟ್ಟಿಯ ಪುಡಿ ಇರುವುದಿಲ್ಲ, ಆದರೂ ಗುಡಿಸುತ್ತಾಳೆ. ಬಾಗಿಲವರೆಗೆ ಬಂದು, ಹೊಸ್ತಿಲಿನ ಒಳಗೇ ಪೊರಕೆ ನಿಲ್ಲಿಸಿ, ಕಸವನ್ನು ಮೊರಕ್ಕೆ ಎತ್ತಿಕೊಳ್ಳುತ್ತಾಳೆ.